ಕೂಗು ಬಿಟ್ಟು ಸಪ್ಪಳವಿಲ್ಲ

ನನಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ರಗಳೆಯೆಲ್ಲ ಇದರಿಂದಲೇ ಆದದ್ದು. ನಾನು ಹುಟ್ಟಿದ್ದು ಬೆಳಗಾವಿಯ ಖಾಸಬಾಗದಲ್ಲಿ, ನೇಕಾರರ ಓಣಿಯೊಂದರಲ್ಲಿ. ಮನೆಯ ಮುಂದಿನ ಅರ್ಧದಲ್ಲಿ ಪಾವರ್‌ಲೂಮ್‌ಗಳು, ಹಿಂದಿನ ಅರ್ಧದಲ್ಲಿ ನಾವು. ನಡುವೆ ಒಂದು ಗೋಡೆ ಇತ್ತು, ಅದರ ಬಾಗಿಲಿಗೆ ಕದವಿರಲಿಲ್ಲ. ಮಗ್ಗ ಓಡುತ್ತಿದ್ದಾಗ ಚಹಾ ಬೇಕೆಂದರೂ ಒದರಬೇಕು, ಬೇಡವೆಂದರೂ ಒದರಬೇಕು. ಲಿಂಗಪೂಜೆ ಮುಗಿಸಿ ಅಜ್ಜಿ ಹೇಳುತ್ತಿದ್ದ ವಚನಗಳೂ ಒದರಾಟದಲ್ಲೇ ನಮ್ಮ ಕಿವಿಗೆ ಬಿದ್ದವು. ಓಣಿಗೆ ಹೊಸದಾಗಿ ಬಂದವರು ನಮ್ಮ ಮನೆಯಲ್ಲಿ ದಿನಾ ಹೊಡೆದಾಟ ನಡೆಯುತ್ತದೆ ಎಂದುಕೊಳ್ಳುತ್ತಿದ್ದರು. ನಾವು ಪಲ್ಯಕ್ಕೆ ಉಪ್ಪು ಸಾಕೇ ಎಂದು ಕೇಳುತ್ತಿದ್ದೆವು, ಅಷ್ಟೆ.

ಶಾಲೆಯಲ್ಲಿ ಅಕ್ಕೋರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. "ಇದು ಸಾಲಿ ಐತಿ, ನಿಮ್ಮ ಮಗ್ಗದ ಮನಿ ಅಲ್ಲ" ಎನ್ನುತ್ತಿದ್ದರು. ಮುಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಕೈ ತೊಳೆದು, "ಹುಡುಗಿ ಛಲೋ ಅದಾಳ್ರಿ, ದನಿ ಅಷ್ಟ ಜೋರ ಐತಿ" ಎಂದು ಹೇಳಿ ಎದ್ದುಹೋದರು. ಆ ಸಂಜೆ ಅತ್ತವಳು ನಾನಲ್ಲ, ನನ್ನ ಸೋದರತ್ತೆ. ಅವ್ವ ಮಾತ್ರ ಮಗ್ಗದ ಮುಂದೆ ನಿಂತು ಎಳೆ ಜೋಡಿಸುತ್ತಲೇ, "ಅವರ ಮನ್ಯಾಗ ಪಿಸುಗುಡಾಕ ನನ್ನ ಮಗಳು ಬೇಕಾಗಿಲ್ಲ" ಎಂದು ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು.

ಮಗ್ಗ ಅವ್ವನ ಕಿವಿ ತಿಂದಿತು, ಅದನ್ನು ಮುಚ್ಚಿಡುವುದಿಲ್ಲ. ಈಗ ಅವಳಿಗೆ ಎಡಗಿವಿ ಪೂರ್ತಿ ಮಂದ, ಬಲಗಿವಿ ಅರ್ಧಂಬರ್ಧ. ಕಿವಿಗೆ ಹಾಕುವ ಯಂತ್ರ ಕೊಡಿಸಿದರೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾಳೆ. ಹಾಗಾಗಿ ಸಪ್ಪಳವೆಂದರೆ ಸಂಗೀತ ಎಂದು ಕುಣಿದಾಡುವವಳಲ್ಲ ನಾನು. ಆದರೆ ಆ ಸಪ್ಪಳದ ನಡುವೆ ಬದುಕಿದವರನ್ನು ಅದಕ್ಕಾಗಿ ನಾಚಿಸಲು ಯಾರಾದರೂ ಬಂದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ.

ಈಗ ನನ್ನ ಹೊಟ್ಟೆ ತುಂಬುವುದೂ ಸಪ್ಪಳದಿಂದಲೇ. ಸಿನಿಮಾದವರಿಗೆ, ಧಾರಾವಾಹಿಯವರಿಗೆ, ಮೊಬೈಲ್ ಆಟ ತಯಾರಿಸುವವರಿಗೆ ಶಬ್ದ ಹಿಡಿದು ಕೊಡುತ್ತೇನೆ. ಹಕ್ಕಿ, ಮಳೆ, ದೇವಸ್ಥಾನದ ಗಂಟೆ ಇವೆಲ್ಲ ಬೇರೆಯವರಿಗಿರಲಿ. ನಾನು ಯಂತ್ರದವಳು. ಕಬ್ಬಿನ ಗಾಣ, ಕಟ್ಟಿಗೆ ಕೊಯ್ಯುವ ಮಿಲ್ಲು, ರವಿವಾರ ಪೇಟೆಯ ಹಿಂದಿನ ಗಲ್ಲಿಯ ಖಾರ ಕುಟ್ಟುವ ಯಂತ್ರ, ಎಲ್ಲದರ ಮುಂದೆಯೂ ಮೈಕು ಹಿಡಿದು ನಿಂತಿದ್ದೇನೆ. ಖಾರದ ಗಿರಣಿಯಲ್ಲಿ ಹಿಡಿದ ಶಬ್ದದಲ್ಲಿ ಯಂತ್ರಕ್ಕಿಂತ ನನ್ನ ಸೀನೇ ಹೆಚ್ಚಿತ್ತು, ಅದು ಬೇರೆ ಮಾತು.

ಒಂದು ದಿನ ಬೆಂಗಳೂರಿನ ಸ್ಟುಡಿಯೋದಿಂದ ಫೋನು ಬಂತು. ನಾನು ಆಗಲೇ ಕೆಲಸ ಒಪ್ಪಿಕೊಂಡಿದ್ದ ಸಿನಿಮಾವೊಂದರ ಶಬ್ದದ ಜವಾಬ್ದಾರಿ ಹೊತ್ತವರು ಮಾತಾಡಿದರು. ಕಥೆಯ ದೊಡ್ಡ ಭಾಗ ಹಂಚಿನ ಕಾರ್ಖಾನೆಯಲ್ಲಿ ನಡೆಯುತ್ತದೆ. ಮುಚ್ಚಿಹೋದ ಕಾರ್ಖಾನೆಯೊಂದರಲ್ಲಿ ಚಿತ್ರೀಕರಣ ಮಾಡಿದ್ದಾರೆ. ಹಂಚು ಒತ್ತುವ ಪ್ರೆಸ್ ಅಲ್ಲಿ ಸತ್ತು ಬಿದ್ದಿತ್ತು, ಅದರ ಗಾಲಿಯನ್ನು ಕ್ಯಾಮೆರಾಕ್ಕೆ ಕಾಣದಂತೆ ಆಳುಗಳು ಕೈಯಿಂದ ತಿರುಗಿಸಿದ್ದಾರೆ. ಚಿತ್ರ ಇದೆ, ಶಬ್ದ ಇಲ್ಲ. ತಾತ್ಕಾಲಿಕವಾಗಿ ಹೊರದೇಶದ ಸಂಗ್ರಹದಿಂದ ಒಂದು ಶಬ್ದ ಕೂಡಿಸಿದ್ದೇವೆ, ಕೇಳಿ ನೋಡಿ ಎಂದು ಕಳಿಸಿದರು. ಕೇಳಿದೆ. ದಪ್ಪ ಜಮಖಾನೆಯ ಮೇಲೆ ಅಕ್ಕಿಚೀಲ ಇಟ್ಟ ಹಾಗಿತ್ತು.

"ಇದು ಹಂಚಿನ ಪ್ರೆಸ್ ಅಲ್ರಿ" ಎಂದೆ.

"ಮೇಡಂ, ಮಷೀನ್ ಸೌಂಡ್ ಅಂದ್ರೆ ಮಷೀನ್ ಸೌಂಡ್. ಯಾರಿಗೆ ಗೊತ್ತಾಗುತ್ತೆ?"

"ನಮ್ಮ ಕಡೆಯವ್ರಿಗೆ ಗೊತ್ತಾಗ್ತೈತ್ರಿ."

"ಕೂಗಬೇಡಿ ಮೇಡಂ, ಕೇಳಿಸ್ತಿದೆ."

ಅಲ್ಲಿಗೆ ನನ್ನ ತಲೆ ಕೆಟ್ಟಿತು. ನಿಜವಾದ ಪ್ರೆಸ್ಸಿನ ಸಪ್ಪಳ ನಾನು ತರುತ್ತೇನೆ, ಅದೇ ಹೋಗಬೇಕು, ಈ ಜಮಖಾನೆಯ ಸಪ್ಪಳ ಹೋಗುವುದಾದರೆ ತೆರೆಯ ಮೇಲೆ ನನ್ನ ಹೆಸರು ಹಾಕಲೇಬೇಡಿ ಎಂದುಬಿಟ್ಟೆ. ಆಗಲಿ, ಮಿಕ್ಸಿಂಗ್ ಶುರುವಾಗುವುದರೊಳಗೆ ಕಳಿಸಿ ಎಂದರು ಅವರು. ಫೋನಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ. ಇಷ್ಟು ವರ್ಷ ಎಷ್ಟು ಸಿನಿಮಾಕ್ಕೆ ದುಡಿದಿದ್ದರೂ ನನ್ನ ಹೆಸರು ಯಾವ ತೆರೆಯ ಮೇಲೂ ಬಂದಿರಲಿಲ್ಲ, ಇದರಲ್ಲಿ ಬರುವುದಿತ್ತು. ಅವ್ವನಿಗೆ ಆಗಲೇ ಹೇಳಿದ್ದೆ. ಅವಳು ಓಣಿಗೆಲ್ಲ ಹೇಳಿದ್ದಳು. "ನನಗ ಸಿನಿಮಾದ ಮಾತು ಕೇಳಸೂದಿಲ್ಲ ಖರೇ, ಆದ್ರ ಹೆಸರ ಓದಾಕ ಕಣ್ಣ ಛಲೋ ಅದಾವ" ಎಂದು ಚಷ್ಮಾ ಒರೆಸಿ ಇಟ್ಟುಕೊಂಡಿದ್ದಳು.

ಇನ್ನೂ ನಡೆಯುವ ಹಂಚಿನ ಕಾರ್ಖಾನೆ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ಪೀರನವಾಡಿಯ ಕಡೆ ಒಂದು ಶೆಡ್ಡಿನಲ್ಲಿ ದಪ್ಪ ತಗಡು ಒತ್ತುವ ದೊಡ್ಡ ಪ್ರೆಸ್ ಇದೆ, ಅದರ ಸಪ್ಪಳ ಹಂಚಿನದಕ್ಕೆ ಹತ್ತಿರ ಎಂದು ಯಾರೋ ಹೇಳಿದರು. ಮೊದಲು ಅಲ್ಲಿಗೆ ಹೋದೆ. ಸ್ಕೂಟಿ ನಿಲ್ಲಿಸುವಾಗ ಕಾಲ ಕೆಳಗೆ ನೆಲ ನಡುಗುತ್ತಿತ್ತು, ನನ್ನ ಮನಸ್ಸು ಕುಣಿಯುತ್ತಿತ್ತು. ಚೀಲದಿಂದ ಮೈಕು ತೆಗೆದೆ. ಗಾಳಿ ಬಡಿಯದಿರಲೆಂದು ಅದಕ್ಕೊಂದು ಬೂದುಗೂದಲಿನ ಟೊಪ್ಪಿಗೆ ತೊಡಿಸಿರುತ್ತೇನೆ, ನೋಡಿದವರು ಸತ್ತ ಮುಂಗುಸಿ ಎನ್ನುತ್ತಾರೆ. ಅಷ್ಟರಲ್ಲಿ ಒಳಗಿನಿಂದ ಯಾರೋ ನನ್ನನ್ನು ಕಂಡರು. ಪ್ರೆಸ್ ನಿಂತಿತು. ಗ್ರೈಂಡರ್ ನಿಂತಿತು. ಕೊನೆಗೆ ಫ್ಯಾನನ್ನೂ ಆರಿಸಿದರು.

"ಏನ ಬೇಕಾಗಿತ್ರಿ ಅಕ್ಕಾರ?" ಎಂದು ಮಾಲಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಸಪ್ಪಳ ರೆಕಾರ್ಡ ಮಾಡ್ಕೊಳ್ಳಾಕ ಬಂದೇನ್ರಿ ಅಣ್ಣಾರ."

"ಸಪ್ಪಳಾ? ಯಾವ ಸಪ್ಪಳ್ರಿ? ನಮ್ಮಲ್ಲಿ ಸಪ್ಪಳನ ಇಲ್ಲಲ್ರಿ."

ಅವನ ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಆಮೇಲೆ ಗೊತ್ತಾಯಿತು. ಶೆಡ್ಡಿನ ಸುತ್ತಲಿನ ಹೊಲಗಳು ಪ್ಲಾಟುಗಳಾಗಿ, ಪ್ಲಾಟುಗಳು ಮನೆಗಳಾಗಿ, ಆ ಮನೆಗಳವರು ಈ ಸಪ್ಪಳ ನಿಲ್ಲಿಸಿ ಎಂದು ತಕರಾರು ಎತ್ತಿದ್ದರು. ಸಪ್ಪಳ ಅಳೆಯುವವರು ಯಾವಾಗಲಾದರೂ ಬರಬಹುದೆಂದು ಅವನು ಜೀವ ಕೈಯಲ್ಲಿ ಹಿಡಿದು ಕೂತಿದ್ದ. ಮೈಕು ಹಿಡಿದು ಬಂದ ನಾನು ಅವನ ಪಾಲಿಗೆ ಯಮದೂತೆ. ಸಿನಿಮಾಕ್ಕೆ ಬೇಕು ಎಂದು ಹೇಳಿದರೆ ಇನ್ನಷ್ಟು ಸಂಶಯ ಬಂತು. ಸಪ್ಪಳವನ್ನು ಬೇಕೆಂದು ಕೇಳಿಕೊಂಡು ಬಂದವರನ್ನು ಅವನು ಈವರೆಗೆ ನೋಡಿರಲಿಲ್ಲ.

ಎದುರಿನ ಮನೆಯ ಮಹಡಿಯ ಮೇಲೆ ಬನಿಯನ್ ತೊಟ್ಟ ಒಬ್ಬರು ಕಟಾಂಜನಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು. "ಛಲೋತಂಗ ತುಂಬ್ಕೊಳ್ರಿ ಮೇಡಂ" ಎಂದರು ಖುಷಿಯಿಂದ. "ನಾವೂ ಸಾಕ್ಷಿ ಹೇಳತೇವಿ."

"ಶೆಡ್ ಮೊದಲ ಬಂದೈತ್ರೋ ನಿಮ್ಮ ಮನಿ ಮೊದಲ ಬಂದೈತ್ರೋ?" ಎಂದು ಕೆಳಗಿನಿಂದಲೇ ಕೇಳಿದೆ. ನನ್ನ ದನಿಗೆ ಪಕ್ಕದ ಮನೆಯ ನಾಯಿಯೂ ಎದ್ದು ಬೊಗಳಿತು. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರಿಗೂ ಮಧ್ಯಾಹ್ನ ನಿದ್ದೆ ಬೇಕಿತ್ತೇನೋ, ಅದು ತಪ್ಪಲ್ಲ. ಆದರೆ ಸಾಕ್ಷಿ ಹೇಳುವಾಗಿನ ಆ ಖುಷಿ ನನಗೆ ಹಿಡಿಸಲಿಲ್ಲ.

ಮಾಲಕ ನಕ್ಕ. ಚಹಾ ತರಿಸಿದ. ಆದರೂ ಪ್ರೆಸ್ ಚಾಲೂ ಮಾಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಖಾನಾಪುರದ ಹತ್ತಿರ ಒಂದು ಹಂಚಿನ ಕಾರ್ಖಾನೆ ಇನ್ನೂ ನಡೆದಿದೆ, ಹೆದ್ದಾರಿಯ ಪಕ್ಕದ ರೆಸಾರ್ಟುಗಳವರು ಹಳೆ ಕಾಲದ ಹಂಚು ಬೇಕೆಂದು ಅಲ್ಲಿಂದ ಒಯ್ಯುತ್ತಾರೆ ಎಂದು ಅವನೇ ದಾರಿ ಹೇಳಿ ಕಳಿಸಿದ.

ಮರುದಿನ ಖಾನಾಪುರಕ್ಕೆ ಹೋದೆ. ಊರು ಇನ್ನೂ ದೂರವಿರುವಾಗಲೇ, ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದರೆ ಅದು ಕೇಳಿತು. ಮೊದಲು ಗಾಲಿ ತಿರುಗಿಸುವ ಬೆಲ್ಟಿನ ಪಟ್ಟಾ ಚಪ್ಪಾಳೆ ತಟ್ಟಿದ ಹಾಗೆ ಬಡಿದುಕೊಳ್ಳುವುದು, ಆಮೇಲೆ ಗಾಲಿಯ ಗೊರಗೊರ, ಆಮೇಲೆ ಧಡ್. ಧಡ್ ಆದ ಮೇಲೆ ಒಂದು ಗಳಿಗೆ ಗುಡ್ಡದ ಕಡೆಯಿಂದ ಅದಕ್ಕೆ ಉತ್ತರ. ನನ್ನ ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ ಎಂದು ಹಾಗೆಯೇ ನಿಂತೆ.

ಕಾರ್ಖಾನೆಯ ಮಾಲಕರು ವಯಸ್ಸಾದ ಜೈನರು, ಬಿಳಿ ಧೋತರ, ಬಿಳಿ ಅಂಗಿ, ಮಣ್ಣಿನ ಕೆಲಸದ ನಡುವೆಯೂ ಒಂದು ಕಲೆ ಇಲ್ಲ. ಪೀರನವಾಡಿಯಲ್ಲಾದ ಫಜೀತಿಯನ್ನು ಅವರಿಗೆ ಮೊದಲೇ ಹೇಳಿದೆ. ಅವರು ಗಂಭೀರವಾಗಿ ಕೇಳಿದರು. "ಹಂಗಂದ್ರ ನಮ್ಮ ಪ್ರೆಸ್ಸಿನ ಸಪ್ಪಳ ಸಿನಿಮಾದಾಗ ಬರ್ತೈತಿ?" ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಇವತ್ತು ಬೇಡ, ನಾಡಿದ್ದು ಬರ್ರಿ, ಎಲ್ಲ ತಯಾರಿ ಮಾಡಿ ಇಡುತ್ತೇವೆ ಎಂದರು. ತಯಾರಿ ಏನಿರುತ್ತದೆ ಎಂದು ಕೇಳಬೇಕಾಗಿತ್ತು. ಅವಲಕ್ಕಿ ಕೊಟ್ಟಿದ್ದರು, ಬಾಯಿ ತುಂಬಿತ್ತು, ತಲೆಯಾಡಿಸಿ ಬಂದೆ.

ಅವರು ಹೇಳಿದ ದಿನ ಹೋದಾಗ ರಸ್ತೆಯಲ್ಲಿ ಏನೂ ಕೇಳಲಿಲ್ಲ. ಕರೆಂಟು ಹೋಗಿರಬೇಕು ಎಂದುಕೊಂಡೆ. ಒಳಗೆ ಹೋಗಿ ನೋಡಿದರೆ ಪ್ರೆಸ್ಸಿಗೆ ಬೆಳ್ಳಿ ಬಣ್ಣ ಬಳಿದಿದ್ದಾರೆ. ಅರಿಶಿನ ಕುಂಕುಮ, ಚೆಂಡುಹೂವಿನ ಮಾಲೆ, ಬುಡದಲ್ಲಿ ಒಡೆದ ತೆಂಗಿನಕಾಯಿ. ಮಾಲೆಯನ್ನು ಗಾಲಿಗೆ ತಾಗದಂತೆ ಜಾಣತನದಿಂದ ಕಟ್ಟಿದ್ದಾರೆ. ಹಳೆಯ ಪಟ್ಟಾ ಹೋಗಿ ಹೊಸ ಪಟ್ಟಾ ಬಂದಿದೆ. ಕೀಲುಕೀಲಿಗೂ ಗ್ರೀಸು. ಪ್ರೆಸ್ಸಿನ ಬುಡಕ್ಕೆ ದಪ್ಪ ರಬ್ಬರು ಹಾಸಿದ್ದಾರೆ. ಪ್ರೆಸ್ ನಡೆಸುವ ಇಬ್ಬರು ಹೆಂಗಸರು ಹೊಸ ಸೀರೆ ಉಟ್ಟು ಮದುವೆಗೆ ಬಂದವರಂತೆ ನಿಂತಿದ್ದಾರೆ. ಮಾಲಕರು ಕೈಸನ್ನೆ ಮಾಡಿ, ಮಣ್ಣಿಡದೆ ಹಿಡಿಕೆ ಮಾತ್ರ ಎಳೆಸಿ, ಖಾಲಿ ಪ್ರೆಸ್ ಓಡಿಸಿ ತೋರಿಸಿದರು. ಗಾಲಿ ನಾಚಿಕೊಂಡು ತಿರುಗಿತು. ಮೇಲಿನ ಅಚ್ಚು ಇಳಿದು ಕೆಳಗಿನದರ ಮೇಲೆ ಪುಸ್ ಎಂದು ಕೂತಿತು.

"ನೋಡ್ರಿ" ಎಂದರು, ಮುಖ ಅರಳಿತ್ತು. "ಈಗ ಒಂಚೂರೂ ಸಪ್ಪಳಿಲ್ಲ."

ನಾನು ಅಲ್ಲೇ ಇದ್ದ ಮಣ್ಣಿನ ಗುಡ್ಡೆಯ ಮೇಲೆ ಕುಕ್ಕರಿಸಿದೆ. ಸಪ್ಪಳ ಬೇಕೆಂದು ಬಂದವಳಿಗಾಗಿಯೇ ಸಪ್ಪಳ ತೆಗೆದು ಇಟ್ಟಿದ್ದಾರೆ. ಬೈಯಲು ಬಾಯಿ ಬರುವುದಿಲ್ಲ, ಯಾಕೆಂದರೆ ಇದೆಲ್ಲ ಮಾಡಿದ್ದು ಮರ್ಯಾದೆಗೆ. ಮನೆಗೆ ನೆಂಟರು ಬರುತ್ತಾರೆಂದು ಅಂಗಳ ಸಾರಿಸಿ ರಂಗೋಲಿ ಹಾಕಿದ ಹಾಗೆ. ಸಮಾಧಾನದಿಂದಲೇ ಹೇಳಲು ನೋಡಿದೆ.

"ಕಾಕಾರ, ನನಗ ಆ ಮದಲಿನ ಸಪ್ಪಳನ ಬೇಕಾಗಿತ್ರಿ."

"ಅದು ಹಳೇ ಸಪ್ಪಳ್ರಿ. ಪಟ್ಟಾ ಸಡ್ಲ ಇತ್ತು, ಬುಡ ಅಲಗತಿತ್ತು. ಅದನ್ನ ಜಗತ್ತಿಗೆಲ್ಲ ಕೇಳಸೂದೇನ್ರಿ? ಮಷೀನ ಒದರಾಕತ್ತೇತಿ ಅಂದ್ರ ಮಾಲಕ ನೆಟ್ಟಗಿಲ್ಲ ಅಂತ ಅರ್ಥ. ಜಡ್ಡಿನ ಮನಷ್ಯಾನ ಫೋಟೋ ತಗೀತಾರೇನ ಯಾರರೆ?"

"ಜಡ್ಡ ಅಲ್ರಿ ಅದು, ಅದರ ದನಿ."

"ದನಿ ಅಂದ್ರೂ ಸಣ್ಣಗ ಇದ್ರ ಛಂದಲ್ರಿ? ನಾಕು ಮಂದಿ ಮುಂದ ಯಾರರೆ ಹಂಗ ಒದರ್ತಾರೇನು?"

ಅಷ್ಟೇ ಸಾಕಾಯಿತು. ಬೆಂಚಿನ ಮೇಲೆ ನಿಲ್ಲಿಸಿದ ಅಕ್ಕೋರು, ಉಪ್ಪಿಟ್ಟು ತಿಂದು ಹೋದವರು, ಕೂಗಬೇಡಿ ಮೇಡಂ ಎಂದ ಬೆಂಗಳೂರಿನವರು, ಎಲ್ಲರೂ ಒಮ್ಮೆಲೇ ಆ ಬಿಳಿ ಧೋತರದಲ್ಲಿ ಬಂದು ನಿಂತ ಹಾಗಾಯಿತು. ಎದ್ದು ನಿಂತೆ. ಪ್ರೆಸ್ ಇನ್ನೂ ಪುಸ್ ಪುಸ್ ಎನ್ನುತ್ತಲೇ ಇತ್ತು. ಅದರ ಮೇಲಿಂದ, ನಾಲ್ಕು ಮಗ್ಗ ದಾಟಿ ಅಡಿಗೆಮನೆಗೆ ಮುಟ್ಟಿಸುತ್ತಿದ್ದ ಪೂರ್ತಿ ದನಿಯಲ್ಲಿ ಹೇಳಿದೆ.

"ಒದರ್ತಾರ್ರಿ ಕಾಕಾರ, ನಾವು ಒದರ್ತೇವಿ. ನಮ್ಮವ್ವ ಹೊಟ್ಟಿಪಾಡಿಗೆ ಸಪ್ಪಳದಾಗ ನಿಂತು ಕಿವಿ ಕಳಕೊಂಡ್ಲು. ಆ ಸಪ್ಪಳ ಜಡ್ಡು ಅಂದ್ರ ಆಕಿ ಬಾಳೇನೂ ಜಡ್ಡ ಆತು. ನಿಮ್ಮ ಅಜ್ಜಾರು ಈ ಪ್ರೆಸ್ ತಂದಾಗ ಇದು ಹಿಂಗ ನಾಚತಿತ್ತೇನ್ರಿ? ಊರ ಮಂದಿ ಇದರ ಸಪ್ಪಳ ಕೇಳಿ ಊಟಕ್ಕ ಏಳ್ತಿದ್ರು, ಕೆಲಸಕ್ಕ ಬರ್ತಿದ್ರು. ನನಗ ಅದು ಬೇಕು. ಇದು ಬ್ಯಾಡ."

ಊಟಕ್ಕೆ ಏಳುವ ಸಂಗತಿ ನನಗೆ ಗೊತ್ತಿರಲಿಲ್ಲ, ಸಿಟ್ಟಿನಲ್ಲಿ ಬಂದದ್ದು. ಶೆಡ್ಡಿನ ಹಂಚಿನ ಸಂದಿಯಿಂದ ಪಾರಿವಾಳಗಳು ಹಾರಿಹೋದವು. ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮಾಲಕರು ನನ್ನನ್ನೇ ನೋಡುತ್ತ ನಿಂತರು. ಈಗ ಹೊರಗೆ ಹಾಕುತ್ತಾರೆ, ಹಾಕಲಿ, ಹೋಗುವಾಗ ಇನ್ನೊಂದು ಮಾತು ಹೇಳಿಯೇ ಹೋಗುತ್ತೇನೆ ಎಂದು ಸಜ್ಜಾದೆ.

"ಖಾಸಬಾಗದವರೇನ್ರಿ?" ಎಂದರು ಅವರು.

"ಹೌದ್ರಿ."

"ಮಗ್ಗದ ಮನಿ?"

"ಹೌದ್ರಿ."

"ಹಂಗರೆ ಸೈ, ಮಗ್ಗದ ಮಂದಿಗೆ ಸಪ್ಪಳದ ಬೆಲಿ ಗೊತ್ತಿರ್ತೈತಿ" ಎಂದು ಧೋತರ ಎತ್ತಿ ಕಟ್ಟಿ, ಆಳುಗಳನ್ನು ಕರೆದು ಬುಡದ ರಬ್ಬರು ತೆಗೆಸಿದರು. ಮೂಲೆಯಲ್ಲಿ ಸುತ್ತಿ ಒಗೆದಿದ್ದ ಹಳೆಯ ಪಟ್ಟಾ ಮತ್ತೆ ಗಾಲಿಗೆ ಏರಿತು. ಊಟಕ್ಕೇಳುವ ಮಾತು ಮಾತ್ರ ಖರೇ, ಅದನ್ನ ಯಾರ ಹೇಳಿದ್ರು ಎಂದು ಕೇಳಿದರು. ನಾನು ಮೈಕಿನ ವೈರು ಬಿಚ್ಚುವುದರಲ್ಲಿ ಬಹಳ ಮಗ್ನಳಾದೆ.

ಹಚ್ಚಿದ ಗ್ರೀಸನ್ನು ತೆಗೆಯಲಾಗುವುದಿಲ್ಲ, ಅದು ಹಾಗೆಯೇ ಇರಲಿ ಎಂದೆ. ಒಂದು ಮೈಕು ಅಚ್ಚಿನ ಹತ್ತಿರ, ಇನ್ನೊಂದು ದೂರದ ಬಾಗಿಲ ಬಳಿ, ಗುಡ್ಡದ ಉತ್ತರ ಹಿಡಿಯಲು. ಹೆಡ್‌ಫೋನ್ ಹಾಕಿಕೊಂಡು ಕೈ ಎತ್ತಿದೆ. ಮಾಲಕರು ಹೆಂಗಸರ ಕಡೆ ತಿರುಗಿ ಗದರಿದರು, "ಯಾರೂ ತುಟಿಪಿಟಕ್ ಅನ್ನಂಗಿಲ್ಲ, ರೆಕಾರ್ಡಿಂಗ್ ಐತಿ."

ಗಾಲಿ ತಿರುಗಿತು. ಪಟ್ಟಾ ಚಪ್ಪಾಳೆ ತಟ್ಟಿತು. ಮುಂದಿನ ಹೆಂಗಸು ಹಸಿಮಣ್ಣಿನ ಹಲಗೆಯನ್ನು ಕೆಳಗಿನ ಅಚ್ಚಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದಳು. ಆಮೇಲೆ ಏನೂ ಆಗಲಿಲ್ಲ. ಗಾಲಿ ಸುಮ್ಮನೆ ತಿರುಗುತ್ತಲೇ ಇತ್ತು. ದೊಡ್ಡ ಗಾಲಿಯ ಹಿಂದೆ ಹಿಡಿಕೆ ಹಿಡಿದು ನಿಂತಿದ್ದ ಇನ್ನೊಬ್ಬ ಹೆಂಗಸು ಅದನ್ನು ಎಳೆಯಲಿಲ್ಲ.

"ಎಳಿಯವಾ" ಎಂದರು ಮಾಲಕರು.

"ಆಕಿ ಅನ್ನಲಿ ಮದಲ" ಎಂದಳು ಅವಳು ಗಾಲಿಯ ಹಿಂದಿನಿಂದ.

"ನೀವ ಅನ್ನಬ್ಯಾಡ ಅಂದೀರಿ" ಎಂದಳು ಮುಂದಿನವಳು.

ಅವರಿಬ್ಬರ ಕೆಲಸದ ರೀತಿಯೇ ಹಾಗೆ. ಮಣ್ಣು ಇಡುವವಳು ಗಟ್ಟಿಮುಟ್ಟಾದ ಕನ್ನಡದ ಹೆಂಗಸು. ಹಿಡಿಕೆ ಎಳೆಯುವವಳು ತೆಳ್ಳಗೆ ಉದ್ದಕ್ಕಿದ್ದ ಮರಾಠಿಯವಳು. ನಡುವೆ ಆ ಗಾಲಿ ಗೋಡೆಯಂತೆ ನಿಂತಿದ್ದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ. ಮಣ್ಣಿಟ್ಟು ಕೈ ಹೊರಗೆ ತೆಗೆದ ಮೇಲೆ ಇವಳು "ಬಿಡ" ಎಂದು ಕೂಗಬೇಕು. ಕೇಳಿದವಳು "ಸೋಡ್ಲ" ಎನ್ನಬೇಕು, ಬಿಟ್ಟೆ ಎಂದು. ಆಗಲೇ ಹಿಡಿಕೆ ಎಳೆಯುವುದು, ಆಗಲೇ ಧಡ್. ಕೂಗು ಬರದಿದ್ದರೆ ಕೈ ಇನ್ನೂ ಅಚ್ಚಿನಲ್ಲಿದೆ ಎಂದೇ ಲೆಕ್ಕ. ಇವರಿಗಿಂತ ಮೊದಲು ಇದ್ದವರೂ ಹೀಗೆಯೇ ಕೂಗುತ್ತಿದ್ದರಂತೆ. ಈ ಪ್ರೆಸ್ಸಿಗೆ ಬಂದವರೆಲ್ಲ ಹತ್ತೂ ಬೆರಳು ಹೊತ್ತುಕೊಂಡೇ ಮನೆಗೆ ಹೋಗಿದ್ದಾರೆ.

ಅವ್ವನೂ ಮಗ್ಗ ಚಾಲೂ ಮಾಡುವ ಮುಂಚೆ ಹಿಂದೆ ಬಗ್ಗಿದ ಅಪ್ಪನಿಗೆ ಒದರುತ್ತಿದ್ದಳು, ಅವನ ಒದರು ತಿರುಗಿ ಬಂದ ಮೇಲೆಯೇ ಬಟನ್ ಒತ್ತುತ್ತಿದ್ದಳು. ನಾವು ಜೋರು ದನಿಯವರಾದದ್ದು ಸಂಸ್ಕಾರ ಕಡಿಮೆಯಾಗಿ ಅಲ್ಲ, ಒಬ್ಬರ ಕೈ ಒಬ್ಬರು ಕಾಯಲಿಕ್ಕೆ. ಬೆಂಚಿನ ಮೇಲೆ ನಿಂತಾಗ ಇದನ್ನು ಹೇಳಲು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

"ಒದರ್ರಿ" ಎಂದೆ. "ದಿನಾ ಹೆಂಗ ಒದರ್ತೀರೋ ಹಂಗ."

"ಇನ್ನೂ ಜೋರ ಬೇಕಂದ್ರ ಅದನೂ ಐತಿ" ಎಂದಳು ಮಣ್ಣಿಡುವವಳು. ಮಾಲಕರು ಹಣೆ ಬಡಿದುಕೊಂಡು ಹೊರಗೆ ಹೋಗಿ ನಿಂತರು.

ಬಿಡ. ಸೋಡ್ಲ. ಧಡ್. ಬಿಡ. ಸೋಡ್ಲ. ಧಡ್. ಹೆಡ್‌ಫೋನಿನಲ್ಲಿ ಅದು ಬಂದ ರೀತಿಗೆ ನಾನು ನಿಂತಲ್ಲೇ ಹೊಯ್ದಾಡಿದೆ. ಮಣ್ಣಿಡುವವಳ ದನಿ ಮೇಲಿನಿಂದ ಬರುತ್ತಿತ್ತು, ಹಿಡಿಕೆಯವಳದು ಎದೆಯಿಂದ. ಅವೆರಡರ ಬೆನ್ನಿಗೆ ಕಬ್ಬಿಣ ಬೀಳುತ್ತಿತ್ತು, ಕಬ್ಬಿಣದ ಬೆನ್ನಿಗೆ ಗುಡ್ಡ. ಹಂಚುಗಳ ಸಾಲು ಮುಗಿಯುವವರೆಗೆ ಹಿಡಿದೆ. ಮುಗಿದ ಮೇಲೆ ಹೆಡ್‌ಫೋನನ್ನು ಅವರಿಬ್ಬರಿಗೂ ಕೊಟ್ಟೆ. ಕೇಳಿ ಮರಾಠಿಯವಳು, "ನಾ ಇಷ್ಟ ಒದರ್ತೇನೇನ?" ಎಂದಳು. "ಮನ್ಯಾಗ ಇದಕ್ಕಿಂತ ಜಾಸ್ತಿ" ಎಂದಳು ಅವಳ ಜೊತೆಗಾತಿ.

ಆ ದಿನವೇ ಬೆಂಗಳೂರಿಗೆ ಕಳಿಸಿದೆ. ಮರುದಿನ ಫೋನು ಬಂತು.

"ಪ್ರೆಸ್ ಅದ್ಭುತವಾಗಿದೆ ಮೇಡಂ. ಆದ್ರೆ ಪ್ರತಿ ಏಟಿಗೂ ಯಾರೋ ಬಾಯಿ ಮಾಡ್ತಿದ್ದಾರೆ. ಅದನ್ನ ತೆಗೆದು ಕಳಿಸಿ."

"ಅದು ಪ್ರೆಸ್ಸಿಂದನ ಸಪ್ಪಳ್ರಿ."

"ಅದು ಹೆಂಗಸರ ವಾಯ್ಸು. ಅದೂ ಒಂದು ಕನ್ನಡ, ಒಂದು ಮರಾಠಿ. ನಿಮ್ಮ ಬೆಳಗಾವಿ ಕಡೆ ವಿಷಯ, ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ? ಸುಮ್ಮನೆ ಯಾಕೆ?"

ಕೂಗು ಯಾಕಿದೆ ಎಂದು ಬಿಡಿಸಿ ಹೇಳಿದೆ. ಒಬ್ಬಳು ಕನ್ನಡದಲ್ಲಿ ಹೇಳುತ್ತಾಳೆ, ಇನ್ನೊಬ್ಬಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರ ಬೆರಳೂ ಉಳಿದಿವೆ, ಯಾರು ಏನು ಅನ್ನುತ್ತಾರೋ ಅನ್ನಲಿ ನೋಡೋಣ ಎಂದೆ. ಅವರು ನಿಟ್ಟುಸಿರು ಬಿಟ್ಟರು. ಸಿನಿಮಾದಲ್ಲಿ ಯಾರ ಕೈಯೂ ಹೋಗುವುದಿಲ್ಲ ಮೇಡಂ, ಕ್ಲೀನಾಗಿ ಕಳಿಸಿ, ನಿಮ್ಮ ಹೆಸರು ಗಟ್ಟಿ ಎಂದರು.

ಕೂಗು ತೆಗೆಯುವುದು ಕಷ್ಟವೇನಲ್ಲ. ಕಂಪ್ಯೂಟರಿನ ಮುಂದೆ ಕೂತರೆ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಹೆಸರಿನ ಆಸೆ ನನಗಿಲ್ಲ ಎಂದು ಹೇಳಲಾರೆ, ಬೇಕಾದಷ್ಟಿತ್ತು. ಅವ್ವ ಒರೆಸಿಟ್ಟ ಚಷ್ಮಾ ಕಣ್ಣ ಮುಂದಿತ್ತು. ಕೂತೆ, ತೆಗೆದೆ, ಕೇಳಿದೆ. ಪಟ್ಟಾ, ಗಾಲಿ, ಧಡ್. ಮೊದಲ ಧಡ್ಡಿಗೆ ನನ್ನ ಕೈ ತಾನಾಗಿಯೇ ಮೇಜಿನಿಂದ ಸರಿದು ಮಡಿಲಿಗೆ ಬಂತು. ಎರಡನೆಯದಕ್ಕೂ ಹಾಗೆಯೇ. ಆ ಫೈಲನ್ನು ಅಳಿಸಿ ಹಾಕಿದೆ. ಕೂಗು ಇದ್ದುದನ್ನೇ ಇನ್ನೊಮ್ಮೆ ಕಳಿಸಿ, ಬೇಕಾದರೆ ಇದು, ಇಲ್ಲದಿದ್ದರೆ ನಿಮ್ಮ ಜಮಖಾನೆ, ಆಗ ನನ್ನ ಹೆಸರು ಬೇಡ ಎಂದು ಬರೆದೆ. ಅವರು ಜಮಖಾನೆಯನ್ನೇ ಇಟ್ಟುಕೊಂಡರು. ಆ ಸ್ಟುಡಿಯೋದಿಂದ ಮತ್ತೆ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ.

ಅವ್ವನಿಗೆ ಹೇಳುವುದು ಕಷ್ಟವಾಯಿತು. ಬಲಗಿವಿಯ ಹತ್ತಿರ ಬಾಯಿಟ್ಟು, "ಹೆಸರ ಬರೂದಿಲ್ಲಬೇ" ಎಂದೆ.

"ಯಾಕ?"

"ಜೋರ ಆತಂತ."

ಅವಳು ಚಷ್ಮಾ ಎತ್ತಿ ಮತ್ತೊಮ್ಮೆ ಒರೆಸಿದಳು. ಆಮೇಲೆ, "ಆದ್ರೂ ಹೋಗೂಣು, ಏನ ಮಾಡ್ಯಾರ ನೋಡೂಣು" ಎಂದಳು. ಖಾನಾಪುರದ ಮಾಲಕರಿಗೂ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅವರು ಅಷ್ಟರಲ್ಲಿ ಊರಿಗೆಲ್ಲ ಸಿನಿಮಾದ ಸುದ್ದಿ ಹೇಳಿ, ಕೆಲಸದವರನ್ನೆಲ್ಲ ತೋರಿಸಲು ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದರು. ಕೊಟ್ಟ ಮಾತು ಕೊಟ್ಟಿದ್ದೇ ಎಂದು ಟೆಂಪೋ ಮಾಡಿಸಿಕೊಂಡು ಬಂದರು. ಬೆಳಗಾವಿಯ ಚಿತ್ರಮಂದಿರದ ಮಧ್ಯಾಹ್ನದ ಆಟ. ಒಂದೇ ಸಾಲಿನಲ್ಲಿ ನಾನು, ಅವ್ವ, ಅವಳ ಆಚೆ ಮಣ್ಣಿಡುವವಳು, ಹಿಡಿಕೆಯವಳು. ಮಾಲಕರು ಹಿಂದಿನ ಸಾಲಿನಲ್ಲಿ ಅದೇ ಬಿಳಿ ಧೋತರದಲ್ಲಿ ಕೂತಿದ್ದರು.

ಹೆಸರುಗಳು ಬಂದವು, ಹೋದವು. ಅವ್ವ ಚಷ್ಮಾ ಹಾಕಿಕೊಂಡು ಒಂದನ್ನೂ ಬಿಡದೆ ಓದಿದಳು, ಗೊತ್ತಿದ್ದೂ ಓದಿದಳು. ಆಮೇಲೆ ಸಿನಿಮಾ ಶುರುವಾಯಿತು. "ಏನ ಗೊಣಗೊಣ ಅಂತಾರ, ಒಂದೂ ತಿಳೀವಲ್ದು" ಎಂದು ಅವ್ವ ಕಡಲೆ ತಿನ್ನುತ್ತ ಕೂತಳು.

ಕಾರ್ಖಾನೆಯ ದೃಶ್ಯ ಬಂತು. ತೆರೆಯ ತುಂಬ ಪ್ರೆಸ್. ಚೆಂದದ ನಟಿಯೊಬ್ಬಳು ಹಸಿಮಣ್ಣಿನ ಹಲಗೆ ಎತ್ತಿ ಅಚ್ಚಿನ ಮೇಲಿಟ್ಟಳು. ಕೈಯನ್ನು ಬೇಗ ತೆಗೆಯಲಿಲ್ಲ, ಅಲ್ಲೇ ನೀವುತ್ತ ನಿಂತಳು. ಸುತ್ತಲೂ ಮೆಲುವಾದ ಸಂಗೀತ. ಮೇಲಿನ ಅಚ್ಚು ಇಳಿಯತೊಡಗಿತು. ಯಾರೂ ಏನೂ ಕೂಗಲಿಲ್ಲ.

ನಮ್ಮ ಸಾಲಿನಲ್ಲಿ ಮಣ್ಣಿಡುವವಳು ಸೀಟಿನ ತುದಿಗೆ ಬಂದಿದ್ದಳು. ಅವಳ ಬಾಯಿಂದ ಅದು ತಾನಾಗಿ ಹೊರಟಿತು. "ಏ, ಕೈ ತಗೀ" ಎಂದು ಇಡೀ ಚಿತ್ರಮಂದಿರ ಬೆಚ್ಚುವ ಹಾಗೆ ಒದರಿದಳು. ತೆರೆಯ ಮೇಲಿನ ಕೈ ಹಿಂದೆ ಸರಿಯಿತು. "ಬಿಡ" ಎಂದಳು. ಕತ್ತಲಲ್ಲಿ ಪಕ್ಕದಿಂದ "ಸೋಡ್ಲ" ಎಂದು ಬಂತು. ತೆರೆಯ ಮೇಲೆ ಜಮಖಾನೆಯ ಪ್ರೆಸ್ ಬಿತ್ತು.

ಮುಂದಿನಿಂದ ಯಾರೋ ಶ್ ಎಂದರು. ಯಾರೋ ನಕ್ಕರು. ನಟಿ ಇನ್ನೊಂದು ಹಲಗೆ ಎತ್ತಿದಳು. ಈ ಸಲ ನಾನೂ ತಡೆದುಕೊಳ್ಳಲಿಲ್ಲ. ಬಿಡ ಎಂದು ಮಣ್ಣಿಡುವವಳ ಜೊತೆ ನಾನೂ ಕೂಗಿದೆ. ಹಿಂದಿನ ಸಾಲಿನಿಂದ, ನಾಲ್ಕು ಮಂದಿಯ ಮುಂದೆ ಒದರಬಾರದು ಎನ್ನುತ್ತಿದ್ದ ಮಾಲಕರ ನಡುಗುವ ದನಿಯೂ ಸೇರಿತು. ಶ್ ಎಂದವರು ತಿರುಗಿ ನೋಡಿದರು. ನೋಡಲಿ ಎಂದು ಇನ್ನೂ ಜೋರಾಗಿ ಕೂಗಿದೆ.

ಅವ್ವ ಕಡಲೆ ತಿನ್ನುವುದನ್ನು ನಿಲ್ಲಿಸಿದ್ದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ನನ್ನ ಕೈ ಹಿಡಿದು, ಎಲ್ಲರಿಗೂ ಕೇಳುವ ದನಿಯಲ್ಲಿ ಹೇಳಿದಳು.

"ಈಗ ಕೇಳಸ್ತ ನೋಡ."